ಕೃಷ್ಣಪ್ರಸಾದನ ಕರಿಬೇವಿನ ಗಿಡ

ಕ್ಯಾರಿ, ಅಮೆರಿಕ
ನವೆಂಬರ್ 2024

ಪ್ರಶಾಂತ್,

ಇದೇನು ಪತ್ರ ಅಂತ ನಗಬೇಡ. ಫೋನ್ ಮಾಡಿದ್ರೆ "ಚೆನ್ನಾಗಿದೀನಿ" ಅಂದುಬಿಡ್ತೀನಿ.

ಹೋದ ವರ್ಷ ಚಳಿ ಶುರುವಾದಾಗ ನಮ್ಮ ಗೆಳೆಯ ಕೃಷ್ಣಪ್ರಸಾದ ತನ್ನ ಕರಿಬೇವಿನ ಕುಂಡ ನನಗೆ ಕೊಟ್ಟ. ಹನ್ನೆರಡು ವರ್ಷ, ಪ್ರತಿ ಚಳಿಗಾಲ ಮನೆಯೊಳಗಿಟ್ಟು ಸಾಕಿದ್ದ ಗಿಡ. ನಮಗೆ ಎಲೆ ಕೊಟ್ಟರೂ ಎಣಿಸಿ ಕೊಡ್ತಿದ್ದ. ಎಲ್ಲಿ ಮನಸ್ಸು ಬದಲಾಯಿಸ್ತಾನೋ ಅಂತ ನಾನು ಅವನು ಮಾಡಿದ ಕಾಫಿಯನ್ನೂ ಪೂರ್ತಿ ಕುಡಿಯದೆ, ಕುಂಡ ಕಾರಲ್ಲಿಟ್ಟುಕೊಂಡು ಬಂದೆ. ಯಾಕೆ ಕೊಡ್ತಿದೀಯ ಅಂತ ಕೇಳಲಿಲ್ಲ. ಎರಡು ವಾರಕ್ಕೆ ಅವನು ತನ್ನ ಜೀವ ತಾನೇ ತೆಗೆದುಕೊಂಡ. ನಲವತ್ತೊಂಬತ್ತು ವರ್ಷ.

ಗಿಡ ಚೆನ್ನಾಗಿದೆ. ನನ್ನ ಕೆಲಸ ಹೋಗಿ ಐದು ತಿಂಗಳಾಯ್ತು, ನಿನಗೆ ಹೇಳಿರಲಿಲ್ಲ. ನನ್ನ ಹೆಂಡತಿ ಗೌಹರ್ ನನ್ನ ಬಿಟ್ಟು ಅಟ್ಲಾಂಟಾದಲ್ಲಿ ಬೇರೆ ಮನೆ ಮಾಡಿದಾಳೆ. ಒಬ್ಬನಿಗೋಸ್ಕರ ಒಗ್ಗರಣೆ ಹಾಕೋಕೆ ಮನಸ್ಸು ಬರಲ್ಲ. ಎಲೆ ಹಾಗೇ ಉದುರುತ್ತೆ.

ಶನಿವಾರ ಆ ಕುಂಡ ನಿನಗೆ ಕೊಡೋಕೆ ತರ್ತೀನಿ. ನನ್ನ ಹಾಗೆ ಖುಷಿಪಡಬೇಡ. ಕಾರಿಂದ ಇಳಿಸೋ ಮುಂಚೆ, ಯಾಕೆ ಕೊಡ್ತಿದೀಯ ಅಂತ ಕೇಳು. "ಸುಮ್ನೆ" ಅಂದ್ರೆ, ಒಳಗೆ ಕರ್ಕೊಂಡು ಹೋಗಿ ಕೂರಿಸಿ, ಇನ್ನೊಂದು ಸಲ ಕೇಳು.

ನಿನ್ನ
ಇಜಾಜ್