ದೊರೆಗೆ ಹೊಲಿದ ಅಂಗಿ

ತಾರೀಖು ೧೪, ಭಾನುವಾರ ಬೆಳಿಗ್ಗೆ

ನಮ್ಮ ಮನೆಯ ಯಜಮಾನಿಗೆ,

ನಾನು ಚೆನ್ನಾಗಿದ್ದೇನೆ. ಬಾಣಂತಿ ಮಗಳೇ ಫೋನಿನಲ್ಲಿ, ತಾನು, ಮಗು, ನೀನು ಮೂವರೂ ಸೌಖ್ಯವೆಂದು ಹೇಳಿದಳು. ಮೂರು ವಾರವಾದರೂ ಒಂದು ಕಾಗದವಿಲ್ಲವೆಂದು ಬೈಯಬೇಡ ಮಾರಾಯ್ತಿ. ನೀನು ಹೊರಡುವಾಗ ಹೇಳಿದ ಕೆಲಸ ಮುಗಿಸದೆ ಯಾವ ಮುಖ ಇಟ್ಟುಕೊಂಡು ಬರೆಯಲಿ? ಫೋನಿನಲ್ಲಿ ಹೇಳೋಣವೆಂದರೆ ಆ ಕಡೆ ಮೊಮ್ಮಗಳ ರಾಗ, ಈ ಕಡೆ ನನ್ನ ಮೆಷಿನ್ನಿನ ಕಟಕಟ. ಈಗ ಮುಗಿಯಿತು. ನಮ್ಮ ನಾಯಿಗೆ ಆಪರೇಷನ್ ಆಯಿತು. ದೊರೆ ಬದುಕಿದ್ದಾನೆ, ದೊರೆಯಾಗಿಯೇ ಇದ್ದಾನೆ!

ಅವನ ಬೀಜದಲ್ಲಿ ಗಂಟಿದೆಯೆಂದು ನೀನು ತೋರಿಸಿದಾಗ "ನೋಡೋಣ ಬಿಡೇ" ಎಂದವನು ನಾನು. ನೀನು ಹೋದ ಮೇಲೆ ಅದು ಇನ್ನೂ ದಪ್ಪವಾದಂತೆ ಕಂಡಿತು. ಪಶುವೈದ್ಯೆಯ ಹತ್ತಿರ ಓಡಿದೆ. ನಮ್ಮ ಮಗಳ ವಯಸ್ಸಿನವಳು, ಬಾಯಿ ಮಾತ್ರ ಥೇಟ್ ನಿನ್ನದೇ.

"ಎರಡೂ ತೆಗೀಬೇಕು. ತಡ ಮಾಡಿದ್ರೆ ಹರಡಬಹುದು" ಎಂದಳು.

ನಾನು ದೊರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದೆ: "ಡಾಕ್ಟ್ರೇ, ಗಂಡುಪ್ರಾಣಿ. ಅದನ್ನ ತೆಗೆದ್ರೆ ಇವನು ಇವನಾಗಿ ಉಳೀತಾನಾ? ಬೊಗಳ್ತಾನಾ?"

"ಬೊಗಳೋದು ಬಾಯಿಂದ ಅಲ್ವಾ ಯಜಮಾನ್ರೇ?"

ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ಸಿಟ್ಟು ನೆತ್ತಿಗೇರಿತು. ಆಮೇಲೆ ಅವಳೇ ಸಮಾಧಾನವಾಗಿ ಹೇಳಿದಳು: ಬೀದಿ ಅಲೆಯುವುದು, ಕಂಡ ಕಂಬಕ್ಕೆಲ್ಲ ಕಾಲೆತ್ತುವುದು ಕಡಿಮೆಯಾಗಬಹುದು, ಅದೂ ಕೆಲವು ವಾರದ ಮೇಲೆ. ಆಟ, ಅಕ್ಕರೆ, ಮನೆ ಕಾಯುವುದು ಎಲ್ಲಿಗೂ ಹೋಗುವುದಿಲ್ಲ. "ಊಟ ಮಾತ್ರ ಅಳೆದು ಹಾಕಿ, ಇಲ್ಲಾಂದ್ರೆ ಪೀಪಾಯಿ ಆಗ್ತಾನೆ." ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ.

ಆಪರೇಷನ್ ಮುಗಿದ ಮೇಲೆ ಹೊಲಿಗೆ ಹೇಗಿದೆಯೆಂದು ನೋಡಿದೆ. ದರ್ಜಿಯ ಕಣ್ಣಲ್ಲವೇ, ತಪ್ಪು ಹುಡುಕಲೆಂದೇ ನೋಡಿದೆ. ಸಿಗಲಿಲ್ಲ. ಅವನು ಅದನ್ನು ನೆಕ್ಕಬಾರದೆಂದು ಕುತ್ತಿಗೆಗೆ ಬುಟ್ಟಿಯಂಥದ್ದೊಂದು ಕಟ್ಟಿ ಕಳಿಸಿದ್ದರು. ಪಾಪ, ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತಿದ್ದ. ಅದನ್ನು ಬಿಚ್ಚಿ, ನನ್ನ ಹಳೇ ನೀಲಿ ಷರ್ಟಿನಿಂದ ಹಿಂಗಾಲಿನವರೆಗೆ ಮುಚ್ಚುವ ಅಂಗಿ ಹೊಲಿದೆ. ಎದೆ, ಸೊಂಟ, ಬಾಲದ ತೂತು, ಎಲ್ಲ ಅಳತೆ ಪಕ್ಕಾ. ಮದುಮಗನ ಹಾಗೆ ಹೊರಗೆ ಕರೆದುಕೊಂಡು ಹೋದರೆ, ಕಂಬದ ಹತ್ತಿರ ಕಾಲೆತ್ತಿ ನನ್ನ ಮುಖವನ್ನೇ ನೋಡಿದ. ಅಂಗಿಯೆಲ್ಲ ಒದ್ದೆ! ಎದುರಿನ ಇಸ್ತ್ರಿಯವನು ಬೀದಿಗೆಲ್ಲ ಕೇಳುವಂತೆ, "ಅಣ್ಣಾ, ಸಾವಿರ ಪ್ಯಾಂಟ್ ಹೊಲಿದೋನು ದೊರೆಗೆ ಜಿಪ್ ಇಡೋದು ಮರೆತ್ಯಲ್ಲೋ!" ಎಂದ. ನಾಚಿಕೆಯಿಂದ ಸತ್ತೆ ಅನ್ನು.

ಆದರೆ ಆಮೇಲೆ ಎರಡು ದಿನ ದೊರೆ ಕಟಿಂಗ್ ಟೇಬಲ್ಲಿನ ಕೆಳಗೆ ಸುಮ್ಮನೆ ಬಿದ್ದಿದ್ದ. ಕರೆದರೆ ಕಿವಿಯನ್ನೂ ಎತ್ತಲಿಲ್ಲ. ಮುಗಿಯಿತು, ನನ್ನ ಕೈಯಾರೆ ಅವನನ್ನು ಹಾಳು ಮಾಡಿದೆ ಎಂದುಕೊಂಡೆ. ಮೂರನೆಯ ದಿನ ಅಂಚೆಯವನ ಸೈಕಲ್ ಬೆಲ್ ಆಯಿತು ನೋಡು, ಸೂರು ಹಾರಿಹೋಗುವ ಹಾಗೆ ಬೊಗಳಿದ! ನಾನು ಗಿರಾಕಿಯ ಎದುರಿಗೇ ಅತ್ತುಬಿಟ್ಟೆ.

ನಿನ್ನೆ ಹೊಲಿಗೆ ಬಿಚ್ಚಿದರು. ಗಂಟಿನ ರಿಪೋರ್ಟೂ ಬಂತು, ಎಲ್ಲಿಗೂ ಹರಡಿಲ್ಲವಂತೆ. ಎದೆಯ ಮೇಲಿನ ಕಲ್ಲು ಇಳಿಯಿತು ಕಣೇ.

ಮಗಳಿಗೆ, ಮೊಮ್ಮಗಳಿಗೆ ನನ್ನ ಆಶೀರ್ವಾದ. ಇಬ್ಬರೂ ನೂರು ಕಾಲ ಬಾಳಲಿ. ನೀನು ನೀರಿನ ಕೊಡ ಎತ್ತಬೇಡ.

ನಿನ್ನ ದರ್ಜಿ

ಮತ್ತೆ ಒಂದು ಮಾತು: ಮಗಳು ಹುಟ್ಟಿದಾಗ ದೊಡ್ಡ ಡಾಕ್ಟರು ನನ್ನೊಬ್ಬನನ್ನೇ ಕರೆದು, "ಎರಡು ಮಕ್ಕಳಾದ್ವು, ನೀವೇ ಆಪರೇಷನ್ ಮಾಡಿಸ್ಕೊಳ್ಳಿ. ಗಂಡಸರದ್ದು ಸಣ್ಣದು, ಅದೇ ದಿನ ಮನೆಗೆ ಹೋಗ್ಬಹುದು" ಎಂದಿದ್ದರು. ಮೆಷಿನ್ ತುಳಿಯುವ ಕಾಲಿನ ಶಕ್ತಿ ಹೋಗುತ್ತದೆ, ನಾನು ಗಂಡಸಾಗಿ ಉಳಿಯುವುದಿಲ್ಲ ಎಂದು ಹೆದರಿದೆ. ನಿನ್ನ ಹತ್ತಿರ ಬಂದು "ಹೆಂಗಸರೇ ಮಾಡಿಸ್ಕೋಬೇಕಂತೆ" ಎಂದೆ. ನಿನ್ನ ಹೊಲಿಗೆ ಕೀವು ಕಟ್ಟಿ ನಲವತ್ತು ದಿನ ಮಲಗಿದೆಯಲ್ಲ, ಆಗೆಲ್ಲ ನೀನು ಆ ಡಾಕ್ಟರನ್ನು ಬೈಯುತ್ತಿದ್ದೆ. ಅವರು ಹಾಗೆ ಹೇಳಿಯೇ ಇರಲಿಲ್ಲ. ಮೊನ್ನೆ ಈ ಪಶುವೈದ್ಯೆ ಹುಡುಗಿಯನ್ನು ಕೇಳಿದೆ. ನಾಯಿಯದು ಪೂರ್ತಿ ತೆಗೆಯುವುದು, ಗಂಡಸರಿಗೆ ನಾಳ ಕಟ್ಟುವುದು ಅಷ್ಟೇ, ಶಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲವಂತೆ. ಯಾವ ದಿನ ಬರುತ್ತೀಯೆಂದು ತಿಳಿಸು. ಇದನ್ನು ಓದಿದ ಮೇಲೂ ಬರಬೇಕೆನ್ನಿಸಿದರೆ.