ಕಾಲು ನೋಡದೆ ಕೊಟ್ಟ ತೀರ್ಪು

ಕೊಯಮತ್ತೂರು, ಆಗಸ್ಟ್ 1986

ಮಾನ್ಯರೇ,

ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿಗಳಿಗೆ ಕೊನೆಯ ಸಹಿ ಹಾಕುವವರು ನೀವು. ನನ್ನ ಅಪ್ಪನ ಮೇಲ್ಮನವಿಯನ್ನು, ಅವರ ಕಾಲನ್ನು ಒಮ್ಮೆಯೂ ನೋಡದೆ, ತಳ್ಳಿಹಾಕಿದ್ದೀರಿ. ಆ ಕಾಲು ಈಗ ಕೊಳೆಯುತ್ತಿದೆ. ಇಂಗ್ಲಿಷಿನಲ್ಲಿ ನಿಮಗೆ ಮೂರು ಸಲ ಬರೆದೆ, ಹಾಸ್ಟೆಲಿನ ಸಿಸ್ಟರ್ ಸ್ಪೆಲ್ಲಿಂಗ್ ಕೂಡ ತಿದ್ದಿಕೊಟ್ಟರು. ಉತ್ತರವಿಲ್ಲ. ಆದ್ದರಿಂದ ಈಗ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಸುತ್ತಲೂ ತಮಿಳಾದರೂ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಆಡುವವರೇ ಎಲ್ಲ, ಓದಬಲ್ಲವರು ಇಬ್ಬರು: ಅಪ್ಪ ಮತ್ತು ನಾನು. ಅಪ್ಪನಿಗೆ ಅಕ್ಷರ ಕಲಿಸಿದವನು ಬ್ಯಾರಕ್ಕಿನಲ್ಲಿ ಪಕ್ಕದ ಮಂಚದಲ್ಲಿದ್ದ ಧಾರವಾಡದ ಸಿಪಾಯಿ, ನನಗೆ ಕಲಿಸಿದವರು ಅಪ್ಪ. ತಪ್ಪುಗಳಿದ್ದರೆ ಕ್ಷಮಿಸಿ.

ಅಪ್ಪನ ಹೆಸರು ರಾಮಲಿಂಗಂ. 1974ರ ಚಳಿಗಾಲದಲ್ಲಿ, ಉತ್ತರದ ಗಡಿಯ ಕಾವಲಿನಲ್ಲಿ, ಅವರ ಎಡಗಾಲು ಹಿಮಕ್ಕೆ ಸಿಕ್ಕಿ ಸತ್ತಿತು. ಐದೂ ಬೆರಳು ಕತ್ತರಿಸಿದರು. ಹಿಮ್ಮಡಿಯಿಂದ ಮೇಲೆ ಒಂದು ಗೇಣಿನಷ್ಟು ಇಂದಿಗೂ ಸ್ಪರ್ಶವಿಲ್ಲ. ಆಗ ವೈದ್ಯರ ಮಂಡಳಿ ಅಂಗವೈಕಲ್ಯ ಮೂವತ್ತು ಪರ್ಸೆಂಟ್ ಎಂದು ಬರೆಯಿತು. ಹತ್ತು ವರ್ಷದ ಮೇಲೆ ಇನ್ನೊಂದು ಮಂಡಳಿ ಕೂತು ಹತ್ತೊಂಬತ್ತು ಎಂದಿತು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಪಿಂಚಣಿ ಇಲ್ಲ. ಮಾನ್ಯರೇ, ನಾನು ಸಸ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿನಿ, ನನ್ನ ಜ್ಞಾನ ಅಲ್ಪ. ಕಡಿದ ಬೆರಳು ಹತ್ತು ವರ್ಷದಲ್ಲಿ ಎಷ್ಟು ಪರ್ಸೆಂಟ್ ಚಿಗುರುತ್ತದೆ ಎಂಬುದನ್ನು ತಾವೇ ಕಲಿಸಿಕೊಡಬೇಕು.

ನಾವು ಅಪೀಲು ಹಾಕಿದೆವು. ಅಪೀಲನ್ನು ನಿಮ್ಮ ಕಚೇರಿ ಹೇಗೆ ತೀರ್ಮಾನಿಸುತ್ತದೆ ಎಂದು ಓದುಗರಿಗೂ ತಿಳಿಯಲಿ. ಹತ್ತೊಂಬತ್ತು ಎಂದ ವೈದ್ಯರನ್ನೇ ಫೈಲು ಮೊದಲು ಕೇಳುತ್ತದೆ: ಹತ್ತೊಂಬತ್ತು ಸರಿಯೇ? ಸರಿ ಎಂದು ಅವರು ಬರೆಯುತ್ತಾರೆ. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದುವ ಭಾಗ್ಯ ನಮ್ಮ ಕಾಲೇಜಿನಲ್ಲಿ ಯಾರಿಗೂ ಇಲ್ಲ! ಅರ್ಜಿದಾರನನ್ನು ಕರೆಯುವುದಿಲ್ಲ, ಕೇಳುವುದಿಲ್ಲ. ನಮ್ಮ ವಿಷಯದಲ್ಲಿ ಮಾತ್ರ ವಿಶೇಷ ಕೃಪೆ ತೋರಿ ಸ್ಥಳ ವಿಚಾರಣೆಗೆ ಒಬ್ಬರನ್ನು ಕಳಿಸಿದಿರಿ. ನಮ್ಮನ್ನು ಮುಳುಗಿಸಿದ್ದು ಆ ಕೃಪೆಯೇ.

ಕಳೆದ ಮೇ ತಿಂಗಳಲ್ಲಿ, ನಾನು ರಜೆಗೆ ಮನೆಗೆ ಬಂದಿದ್ದಾಗ, ಆ ಅಧಿಕಾರಿ ಉಡುಮಲೈಪೇಟೆ ಹತ್ತಿರದ ನಮ್ಮ ನೇಕಾರರ ಬೀದಿಗೆ ಜೀಪಿನಲ್ಲಿ ಬಂದರು. ಸೈನ್ಯದಿಂದ ಬಂದ ಮೇಲೆ ಅಪ್ಪ ನೇಯ್ದವರಲ್ಲ. ನೇಯುವವಳು ಅಮ್ಮ. ಅಪ್ಪ ಜಗಲಿಯಲ್ಲಿ ಕೂತು ನೂಲು ಸುತ್ತಿಕೊಡುತ್ತಾರೆ. ಆದರೆ ದೊಡ್ಡವರು ಮನೆಗೆ ಬಂದಾಗ ಮನೆಯ ಗಂಡಸು ಮಗ್ಗದಲ್ಲಿ ಕೂತಿರಬೇಕೆಂಬುದು ನಮ್ಮ ಮನೆತನದ ಪದ್ಧತಿ. ಆ ಜಾಗ ಖಾಲಿಯಿರುವುದು ಸಾವಿನ ಸೂತಕದಲ್ಲಿ ಮಾತ್ರ.

“ಏ ರಾಮಲಿಂಗಾ, ಎದ್ದು ಮಗ್ಗಕ್ಕೆ ಇಳಿಯಪ್ಪಾ,” ಅಂದಳು ಅಜ್ಜಿ ರಾಮಾಯಿ.

“ಕಾಲ್ ನೋಡೋಕೆ ತಾನೆ ಅವ್ರು ಬರೋದು, ಅವ್ವಾ?”

“ಕಾಲು ಆಮೇಲ್ ತೋರ್ಸು. ಬಂದ ತಕ್ಷಣ ಖಾಲಿ ಮಗ್ಗ ಕಂಡ್ರೆ ಗಂಡ್ಸು ಸತ್ತವ್ನೆ ಅಂದ್ಕೊಳ್ಳಲ್ವಾ ದೊರೆ?”

“ಬದ್ಕಿದೀನಿ ಅಂತ ಪೆನ್ಷನ್ ಆಫೀಸ್ನೋರು ವರ್ಷಾವರ್ಷ ಸರ್ಟಿಫಿಕೇಟ್ ಕೇಳ್ತಿದ್ರು. ಈಗ ನೀನೂ ಕೇಳ್ತೀಯಾ?” ಎಂದು ನಗುತ್ತಲೇ ಅಪ್ಪ ನೆಲದಲ್ಲಿ ತೋಡಿದ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಲಾಳಿ ಹಿಡಿದರು.

ಅಧಿಕಾರಿ ಬೂಟು ಬಿಚ್ಚಲು ಇಷ್ಟಪಡದೆ ಬಾಗಿಲಲ್ಲೇ ನಿಂತರು. ಅಲ್ಲಿಂದ ಅಪ್ಪ ಸೊಂಟದಿಂದ ಮೇಲಕ್ಕೆ ಮಾತ್ರ ಕಾಣುತ್ತಾರೆ, ಕಾಲು ಗುಂಡಿಯೊಳಗೆ. ಕಾಲು ಹೇಗಿದೆ ಎಂದು ಹಿಂದಿಯಲ್ಲಿ ಕೇಳಿದರು. ಹನ್ನೆರಡು ವರ್ಷ ಸೈನ್ಯದಲ್ಲಿದ್ದ ಸಿಪಾಯಿ ಆಫೀಸರ ಎದುರು ನೋವು ಹೇಳಿಕೊಳ್ಳುವುದುಂಟೇ? ಅಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. “ಠೀಕ್ ಹೈ, ಸಾಬ್!”

ಅಜ್ಜಿ ನನ್ನನ್ನು ಮುಂದಕ್ಕೆ ತಳ್ಳಿದಳು. “ಇಂಗ್ಲೀಸ್ನಲ್ಲಿ ಹೇಳು ನನ್ ಕಣ್ಣು, ನಮ್ಮ ಮನೆ ಮಗ್ಗ ಒಂದ್ ದಿನಾನೂ ನಿಂತಿಲ್ಲ ಅಂತ.” ನಾನು ಹೇಳಿದೆ, ಗ್ರಾಮರ್ ತಪ್ಪಿಲ್ಲದೆ. ಯಾವ ಸ್ಕೂಲಮ್ಮಾ ಎಂದು ಅಧಿಕಾರಿ ಮೆಚ್ಚಿ ಕೇಳಿದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗ ಅನ್ನ ಇಳಿಯುವುದಿಲ್ಲ.

“ಅರ್ಜಿದಾರರು ಸರಾಗವಾಗಿ ನೇಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಕುಟುಂಬದವರೂ ದೃಢಪಡಿಸಿದ್ದಾರೆ.” ನಿಮ್ಮ ತಿರಸ್ಕಾರದ ಪತ್ರದಲ್ಲಿರುವುದು ಆ ಅಧಿಕಾರಿಯ ವರದಿಯ ಈ ಎರಡೇ ವಾಕ್ಯ. ಮಾನ್ಯರೇ, ನೇಯಲು ಗುಂಡಿಯೊಳಗಿನ ಎರಡು ಮಣೆಗಳನ್ನು ಎರಡು ಕಾಲಿನಿಂದ ಒಂದಾದ ಮೇಲೊಂದು ತುಳಿಯಬೇಕು. ಅಪ್ಪ ತುಳಿದದ್ದು ಬಲಗಡೆಯದನ್ನು ಮಾತ್ರ. ಮಣೆ ಬದಲಿಸದೆ, ನೂಲು ಹೊತ್ತು ಹೋದ ಲಾಳಿ ಹೋದ ದಾರಿಯಲ್ಲೇ ಹಿಂದಿರುಗಿದರೆ ಹಾಕಿದ ಎಳೆ ಹಾಗೇ ಕಳಚಿ ಬರುತ್ತದೆ. ಇಪ್ಪತ್ತು ನಿಮಿಷ ಮಗ್ಗ ಸದ್ದು ಮಾಡಿತು, ಬಟ್ಟೆ ಒಂದಂಗುಲವೂ ಬೆಳೆಯಲಿಲ್ಲ. ನಮ್ಮ ಬೀದಿಯ ಯಾರನ್ನು ನಿಲ್ಲಿಸಿದ್ದರೂ ಒಂದೇ ನೋಟದಲ್ಲಿ ಹೇಳುತ್ತಿದ್ದರು. ನಿಮ್ಮವರು ಸದ್ದನ್ನು ಕೇಳಿ, ಕಾಲು ತೋರಿಸಿ ಎನ್ನದೆ ಹೊರಟು, ವರದಿ ಬರೆದರು. ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ. ಮರ್ಯಾದೆಗೆಂದು ಮಾಡಿದ ತಪ್ಪು. ಅದಕ್ಕೆ ಶಿಕ್ಷೆ ಒಂದು ಕಾಲೇ?

ಪಿಂಚಣಿ ನಿಂತ ಮೇಲೆ ಬೆಟ್ಟದ ಮೇಲಿನ ಮಿಲಿಟರಿ ಆಸ್ಪತ್ರೆಗೆ ಅಪ್ಪನಿಗೆ ಪ್ರವೇಶವಿಲ್ಲ. ವರ್ಷಕ್ಕೆರಡು ಸಲ ಹುಣ್ಣು ಕೆರೆದು ಈ ಕಾಲನ್ನು ಉಳಿಸಿಕೊಂಡು ಬಂದವರು ಅಲ್ಲಿಯ ಸರ್ಜನ್. ಈಗ ಕೀವು ಮೂಳೆಗೆ ಇಳಿದಿದೆ. ಅಪ್ಪ ಈಗಿರುವ ಇಲ್ಲಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಮುಚ್ಚುಮರೆಯಿಲ್ಲದೆ ಹೇಳಿದರು: “ನನ್ನ ಕೈಯಲ್ಲಾದರೆ ಮಂಡಿಯ ಕೆಳಗೆ ತೆಗೆಯಬೇಕು. ಅಲ್ಲಿಗೆ ಕಳಿಸಿದರೆ ಹಿಮ್ಮಡಿಯಾದರೂ ಉಳಿದೀತು.” ಇದೇ ತಿಂಗಳ ಇಪ್ಪತ್ತೆಂಟರವರೆಗೆ ಕಾಯುತ್ತಾರೆ. ಅದಕ್ಕಿಂತ ಹೆಚ್ಚು ಕಾದರೆ ಜೀವಕ್ಕೇ ಅಪಾಯ.

ನನ್ನ ಬೇಡಿಕೆ ಇಷ್ಟೇ. ಇಪ್ಪತ್ತೆಂಟರೊಳಗೆ ಅಪ್ಪನನ್ನು ಆ ಆಸ್ಪತ್ರೆಗೆ ಸೇರಿಸಿಕೊಳ್ಳುವಂತೆ ಒಂದು ತಂತಿ ಕಳಿಸಿ. ಅಪೀಲನ್ನು ಮತ್ತೆ ತೆರೆಯಿರಿ, ಮತ್ತು ಈ ಸಲ ಕಾಲಿನ ಬಟ್ಟೆ ಬಿಚ್ಚಿ ನೋಡಿದವರು ಮಾತ್ರ ಸಹಿ ಹಾಕಲಿ.

ನಿನ್ನೆ ವಾರ್ಡಿನಲ್ಲಿ ನಾನು ಅಳುತ್ತಿದ್ದೆ. ಅಪ್ಪ ಅಂದರು: “ಯಾಕ್ ಪಾಪಾ ಅಳ್ತೀಯಾ? ಕಾಲ್ ತೆಗ್ದ್ಬಿಟ್ರೆ ಯಾವನೂ ಹತ್ತೊಂಬತ್ತು ಅನ್ನೋಕಾಗಲ್ಲ. ಆಮೇಲ್ ಹಾಕು ಅಪೀಲು. ಪಾಸಾಗ್ತೀನಿ.” ತಮಾಷೆಗೆ ಅಂದರೋ ನಿಜಕ್ಕೋ ತಿಳಿಯಲಿಲ್ಲ. ಹಾಸ್ಟೆಲಿಗೆ ಬಂದು ಯಾವ ಅಂಗ ಹೋದರೆ ಎಷ್ಟು ಎಂಬ ನಿಮ್ಮ ಪರ್ಸೆಂಟಿನ ಪಟ್ಟಿಯನ್ನು ತೆಗೆದು ನೋಡಿದೆ.

ಅಪ್ಪ ಹೇಳಿದ್ದು ಸರಿಯಾಗಿತ್ತು.

ಇಂತಿ,
ತಂದೆ ಪಾಸಾಗದಿರಲಿ ಎಂದು ಬೇಡಿಕೊಳ್ಳುತ್ತಿರುವ
ರಾ. ಚಂದ್ರಾ
ಮೊದಲ ವರ್ಷದ ಬಿ.ಎಸ್‌ಸಿ., ಮಹಿಳಾ ಹಾಸ್ಟೆಲ್