ಮೇಸ್ತ್ರಿಯ ಅಳತೆ

ಮನೆಯಿಂದ,
ಏಪ್ರಿಲ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನನ್ನು ಏನೆಂದು ಕರೆಯುವುದು ಎಂದು ಯೋಚಿಸುವುದರಲ್ಲೇ ಎರಡು ಹಾಳೆ ಹಾಳಾದವು. ಸೊಸೆ ಎಂದರೆ ನಿನಗೆ ಕಸಿವಿಸಿಯಾಗಬಹುದು. ಮಾಜಿ ಸೊಸೆ ಎನ್ನೋಣವೆಂದರೆ ನೀನೇನು ಮಂತ್ರಿಯಾಗಿದ್ದೆಯಾ? ನಿನ್ನ ಅತ್ತೆ ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದಳು. ನನ್ನ ಒದ್ದಾಟ ನೋಡಿ, “ಮಗಳೇ ಅಂತ ಬರೀರಿ, ಅದನ್ನ ರದ್ದು ಮಾಡೋಕೆ ಯಾವ ಕೋರ್ಟಿಗೂ ಆಗಲ್ಲ” ಎಂದಳು. ಒಪ್ಪಿ ಬರೆದಿದ್ದೇನೆ. ಈ ವಿಳಾಸ ಕೊಟ್ಟದ್ದು ನಿನ್ನ ಅಣ್ಣ. ಅವನನ್ನು ಬೈಯಬೇಡ. ಅವನ ಸ್ಕೂಟರಿನ ಸೀಟು ನಾನೇ ಹೊಲಿದದ್ದು, ದಿನಾ ಅದರ ಮೇಲೆ ಕೂತು ಓಡಾಡುವವನು ನನಗೆ ಇಲ್ಲ ಎನ್ನುವುದು ಹೇಗೆ? ಫೋನು ಮಾಡಬಹುದಿತ್ತು. ಆದರೆ ಫೋನು ಬಡಿದುಕೊಳ್ಳುತ್ತಿದ್ದರೆ ಎತ್ತುವುದೋ ಬಿಡುವುದೋ ಎಂದು ನೀನು ನಿಂತಲ್ಲೇ ತೀರ್ಮಾನ ಮಾಡಬೇಕಾಗುತ್ತದೆ. ಕಾಗದಕ್ಕೆ ಅಂಥ ಅವಸರವಿಲ್ಲ, ಒಂದು ವಾರ ಮೇಜಿನ ಮೇಲೆ ಬಿದ್ದಿದ್ದರೂ ಅದು ಮುಖ ಊದಿಸಿಕೊಳ್ಳುವುದಿಲ್ಲ.

ಹೇಗಿದ್ದೀಯಾ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುತ್ತೀಯೆಂದು ನಿನ್ನ ಅಣ್ಣ ಹೇಳಿದ. ನಡುನಡುವೆ ಕೂತುಕೋ. ಜೀವಮಾನವೆಲ್ಲ ಜನರನ್ನು ಕೂರಿಸುವುದೇ ಕಸುಬಾಗಿದ್ದವನ ಮಾತು ಇದು, ಸುಮ್ಮನೆ ತಳ್ಳಿಹಾಕಬೇಡ. ಮೇಸ್ತ್ರಿ ಹೇಗಿದ್ದಾಳೆ? ಈಗಲೂ ಅವಳನ್ನು ಹಾಗೆಂದೇ ಕರೆಯುತ್ತೇನೆ. ನಾಲ್ಕು ತುಂಬುವ ಮೊದಲೇ ನನ್ನ ಅಂಗಡಿಯ ಫೋಮಿನ ರಾಶಿಯ ಮೇಲೆ ಕೂತು ಕೆಲಸದವರನ್ನೆಲ್ಲ ದಬಾಯಿಸುತ್ತಿದ್ದ ಮೊಮ್ಮಗಳಿಗೆ ಇನ್ನೇನು ಹೆಸರಿಡುವುದು? ಹೊಸ ಸೀಟು ತಯಾರಾದರೆ ಅದರ ಮೇಲೆ ಹತ್ತಿ ಕುಣಿದು, “ತಾತಾ, ಇದು ಪಾಸು”, “ತಾತಾ, ಇದು ಫೇಲು” ಎಂದು ತೀರ್ಪು ಕೊಡುತ್ತಿದ್ದಳಲ್ಲ. ಫೇಲಾದ ಸೀಟನ್ನು ನಾನು ಬಿಚ್ಚಿ ಮತ್ತೆ ಹೊಲಿದದ್ದೂ ಉಂಟು. ಒಂದೆರಡು ಸಲ ಅವಳು ಹೇಳಿದ್ದೇ ಸರಿಯಾಗಿತ್ತು. ಚಳಿಗಾಲದ ಕೆಮ್ಮು ಈಗ ಬರುವುದಿಲ್ಲ ತಾನೇ?

ಇಲ್ಲಿ ಎಲ್ಲ ಸೌಖ್ಯ. ಅತ್ತೆಯ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ, ಬಾಯಿ ಮಾತ್ರ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ. ಅಂಗಡಿಯನ್ನು ಹಳೆಯ ಕೆಲಸದವನಿಗೇ ಬಿಟ್ಟುಕೊಟ್ಟು ನಾನು ಮನೆಯಲ್ಲಿದ್ದೇನೆ. ನನ್ನ ಮಗ (ನಿನಗೆ ಅವನು ಈಗ ಏನಾಗಬೇಕೋ ಗೊತ್ತಿಲ್ಲ, ನನಗೆ ಅದು ಬದಲಾಗುವುದಿಲ್ಲ) ಕೆಲಸದ ಜಾಗದ ಹತ್ತಿರವೇ ರೂಮು ಮಾಡಿಕೊಂಡಿದ್ದಾನೆ. ಭಾನುವಾರ ಬಂದು ಊಟ ಮಾಡಿ, ಪೇಪರ್ ಓದಿ ಹೋಗುತ್ತಾನೆ. ಇವತ್ತೂ ಬಂದಿದ್ದ. ನಿಮ್ಮಿಬ್ಬರ ವಿಷಯದಲ್ಲಿ ನಾನು ಆಗಲೂ ತಲೆ ಹಾಕಲಿಲ್ಲ, ಈಗಲೂ ಹಾಕುವುದಿಲ್ಲ. ನಾನು ಬರೆಯಲು ಕೂತದ್ದು ಬಟ್ಟೆಯ ವಿಷಯ.

ನೀನು ಮಗುವನ್ನು ಕರೆದುಕೊಂಡು ಹೊರಟಾಗ ಹೊಲಿಗೆಯ ಮೇಜಿನ ಮೇಲೆ ಹಳದಿ ಬಟ್ಟೆ ಕತ್ತರಿಸಿದ್ದು ಕತ್ತರಿಸಿದಂತೆಯೇ ಉಳಿದಿತ್ತು, ನೆನಪಿದೆಯೇ? ಫ್ರಾಕಿನ ಮುಂಭಾಗ, ಹಿಂಭಾಗ, ಎರಡು ತೋಳು, ಪಕ್ಕದಲ್ಲಿ ಅಳತೆಯ ಕಾಗದಗಳು, ಅವುಗಳ ಮೇಲೆ ನಿನ್ನ ಕೈಬರಹದಲ್ಲಿ ‘ನಾಲ್ಕು ವರ್ಷ’. ವಾರಗಟ್ಟಲೆ ಯಾರೂ ಅದನ್ನು ಮುಟ್ಟಲಿಲ್ಲ. ಅತ್ತೆ ಸುತ್ತಲಿನ ಧೂಳು ಒರೆಸುತ್ತಿದ್ದಳು, ಬಟ್ಟೆಯನ್ನು ಎತ್ತುತ್ತಿರಲಿಲ್ಲ. ಒಂದು ದಿನ ನಿನ್ನ ಹೊಲಿಗೆ ಬಳಗದ ಗುಂಡಿ ಟೀಚರ್ ಬಾಗಿಲು ತಟ್ಟಿದರು. ಅದೇ, ಶಾಲೆಯಲ್ಲಿ ಲೆಕ್ಕದ ಪಾಠ ಮಾಡಿ ನಿವೃತ್ತರಾಗಿ ಈಗ ಬಾಟಲಿಗಟ್ಟಲೆ ಗುಂಡಿ ಕೂಡಿಡುವವರು. ಬಳಗ ಸೇರಿದಾಗ ನೀನು ಬಾರದ್ದನ್ನು ನೋಡಿ ಹುಷಾರಿಲ್ಲವೇನೋ ಎಂದು ವಿಚಾರಿಸಲು ಬಂದಿದ್ದರು. ಮಕ್ಕಳ ಬಟ್ಟೆ ಅದಲುಬದಲು ಮಾಡುವ ದಿನಕ್ಕೆ ಒಂದು ಫ್ರಾಕು ತರುತ್ತೇನೆಂದು ನೀನು ಮಾತು ಕೊಟ್ಟಿದ್ದೆಯಂತೆ. ಬೇರೆ ಊರಿಗೆ ಹೋಗಿದ್ದಾಳೆ ಎಂದಷ್ಟೇ ಹೇಳಿದೆ. ನಿನ್ನ ಮಾತು ಉಳಿಯಲೆಂದೋ, ಮೇಜು ಖಾಲಿಯಾಗಲೆಂದೋ, ಆ ಫ್ರಾಕನ್ನು ನಾನೇ ಹೊಲಿದು ತರುತ್ತೇನೆ ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಆ ಮಾತು ನನ್ನನ್ನು ಎರಡು ವರ್ಷ ಎಳೆದುಕೊಂಡು ಬಂದಿದೆ.

ಲಾರಿ, ಬಸ್ಸಿನ ಸೀಟು ಹೊಲಿದ ಕೈಗೆ ಮಗುವಿನ ಬಟ್ಟೆ ಎಂದರೆ ತಮಾಷೆಯಲ್ಲ. ನನ್ನ ದೊಡ್ಡ ಮೆಷಿನ್ ಹಳದಿ ಬಟ್ಟೆಯ ಅಂಚನ್ನು ಮೇಕೆ ಎಲೆ ತಿಂದ ಹಾಗೆ ತಿಂದಿತು. ಕೊನೆಗೆ ನೀನು ಬಿಟ್ಟುಹೋದ ಸಣ್ಣ ಮೆಷಿನ್ನಿನಲ್ಲೇ ಮುಗಿಸಿದೆ. (ಅದಕ್ಕೆ ತಪ್ಪದೆ ಎಣ್ಣೆ ಹಾಕುತ್ತಿದ್ದೇನೆ. ಬೇಕೆಂದರೆ ಕಳಿಸುತ್ತೇನೆ, ಬೇಡವಾದರೆ ಇಲ್ಲೇ ಇರಲಿ.) ಕಚ್ಚಿದ ಅಂಚು ಕಾಣಬಾರದೆಂದು ಸುತ್ತಲೂ ಕೆಂಪು ಪೈಪಿಂಗ್ ಕೊಟ್ಟೆ, ಕಾರಿನ ಸೀಟಿಗೆ ಕೊಡುವ ಹಾಗೆಯೇ. ಬಳಗ ಸೇರುವ ಲಾಂಡ್ರಿಯ ಮಹಡಿಯಲ್ಲಿ, ಕೆಳಗಿನ ಇಸ್ತ್ರಿಯ ಹಬೆ ಹಲಗೆಯ ಸಂದಿಯಿಂದ ಮೇಲೆ ಬರುವ ಆ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಅದನ್ನು ಇಟ್ಟೆ. ನಿನ್ನ ಗೆಳತಿ ನರ್ಸ್, ಅವಳಿ ಹೆಣ್ಣುಮಕ್ಕಳ ತಾಯಿ, ಎತ್ತಿ ಹಿಡಿದು ತಿರುಗಿಸಿ ನೋಡಿ, “ಎಲ್ಲಾ ಸರಿ, ಸೀಟ್ ಬೆಲ್ಟ್ ಎಲ್ಲಿ?” ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಾನು ಅಲ್ಲಿ ಸೀಟ್ ತಾತ. ಆದರೆ ನಕ್ಕವಳೇ ಅದನ್ನು ಎತ್ತಿಕೊಂಡು ಹೋದಳು. ಅವಳಿಗಳು ಕಿತ್ತಾಡಿ ಹಾಕಿಕೊಂಡು, ಮರ ಹತ್ತಿ ಜಾರಿದರೂ ಹೊಲಿಗೆ ಒಂದು ಕಡೆಯೂ ಬಿಡಲಿಲ್ಲವಂತೆ. ನಿನ್ನ ಅಳತೆಯ ಕಾಗದ ಇದ್ದದ್ದರಿಂದ ನಾನು ಬಚಾವಾದೆ. ಗಾಡಿಯನ್ನು ಕಣ್ಣಾರೆ ನೋಡದೆ ಬಟ್ಟೆಗೆ ಕತ್ತರಿ ಹಾಕಿದವನಲ್ಲ ನಾನು. ಒಬ್ಬ ಲಾರಿ ಡ್ರೈವರಿಗೆ ಮಾತ್ರ ಹಾಗೆ ಹೊಲಿದುಕೊಟ್ಟಿದ್ದೆ. ಅವನ ಲಾರಿ ಎಲ್ಲೋ ದೂರದಲ್ಲಿ ಕೆಟ್ಟು ನಿಂತಿತ್ತು. ಸೀಟಿನ ಉದ್ದ, ಅಗಲಕ್ಕೆ ತಕ್ಕಂತೆ ಒಂದು ದಾರಕ್ಕೆ ಗಂಟು ಹಾಕಿ, ಈ ಕಡೆ ಬರುವ ಇನ್ನೊಬ್ಬನ ಕೈಯಲ್ಲಿ ಕಳಿಸಿದ್ದ. ಗಂಟು ನೋಡಿ ಹೊಲಿದೆ, ಕಳಿಸಿದೆ. ಸರಿಯಾಯಿತು ಎಂದು ಅವನು ಹೇಳಿ ಕಳಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಪಕ್ಕದ ಸೀಟಿಗೆಂದು ಇನ್ನೊಂದು ದಾರ ಬಂತು. ಆ ಮನುಷ್ಯನ ಮುಖ ನಾನು ನೋಡಲೇ ಇಲ್ಲ.

ಬಳಗದ ಕ್ರಮ ನಿನಗೆ ಗೊತ್ತಿರುವುದೇ. ಕೈಯಾರೆ ಹೊಲಿದದ್ದನ್ನು ಮೇಜಿನ ಮೇಲೆ ಇಟ್ಟವರು ಇನ್ನೊಬ್ಬರು ಹೊಲಿದದ್ದನ್ನು ಎತ್ತಿಕೊಳ್ಳಬಹುದು. ನಾನು ತಿಂಗಳಿಗೊಂದು ಇಡುತ್ತಾ, ಒಂದು ಎತ್ತುತ್ತಾ ಬಂದೆ, ಎತ್ತಿದ್ದೆಲ್ಲ ಮೇಸ್ತ್ರಿಗೆಂದೇ. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಟಿಕೆಟ್ ಅಕ್ಕ ಹೊಲಿದ ಒಂದು ಚಡ್ಡಿಗೆ ಮುಂದೆ, ಹಿಂದೆ, ಮಂಡಿಯ ಹತ್ತಿರ, ಎಲ್ಲೆಂದರಲ್ಲಿ ಜೇಬು. ಅಷ್ಟು ಜೇಬು ಸಿಕ್ಕರೆ ಮೇಸ್ತ್ರಿ ಏನೇನು ತುಂಬಿಕೊಂಡಾಳು ಎಂದು ಯೋಚಿಸಿಯೇ ತಂದೆ. ಗುಂಡಿ ಟೀಚರ್ ಹೊಲಿದ ಕೋಟಿನಲ್ಲಿ ಒಂದು ಗುಂಡಿಯ ಹಾಗೆ ಇನ್ನೊಂದಿಲ್ಲ, ಲೆಕ್ಕದ ಮೇಡಮ್ಮಿಗೆ ಇಷ್ಟು ಹುಚ್ಚಾಟ ಎಲ್ಲಿತ್ತೋ. ಎಲ್ಲವೂ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಸೇರಿಕೊಂಡವು. ಅತ್ತೆ ಆಗಾಗ ಹೊರತೆಗೆದು ಬಿಸಿಲಿಗೆ ಹಾಕಿ, ಮತ್ತೆ ಮಡಿಸಿ ಇಟ್ಟು, “ಮನೇನ ಬಟ್ಟೆ ಅಂಗಡಿ ಮಾಡಿದ್ರಿ” ಎಂದು ಗೊಣಗುತ್ತಿದ್ದಳು. ಕಳಿಸೋಣವೆಂದರೆ ಮಗ, “ಈಗಲೇ ಬೇಡ ಅಪ್ಪ, ಅವಳಿಗೆ ಸ್ವಲ್ಪ ಟೈಮ್ ಕೊಡಿ” ಎಂದ. ಕೊಟ್ಟೆವು. ಪಾರ್ಸೆಲ್ ಮಾಡುತ್ತೀರಾ ಎಂದು ಬಳಗದವರು ಕೇಳಿದಾಗಲೆಲ್ಲ ನಾನು ಒಂಥರಾ ತಲೆಯಾಡಿಸುತ್ತಿದ್ದೆ, ಹೌದೆಂದೂ ತಿಳಿಯಬಹುದು, ಇಲ್ಲವೆಂದೂ ತಿಳಿಯಬಹುದು.

ಈಚೆಗೆ ನಾನು ಇಟ್ಟ ಫ್ರಾಕು ಮೇಜಿನ ಮೇಲೆಯೇ ಉಳಿಯತೊಡಗಿತು. ಹೊಲಿಗೆ ಈಗ ನಿಜಕ್ಕೂ ಚೆನ್ನಾಗಿದೆ, ಜಂಬವಲ್ಲ, ಬೇಕಾದರೆ ನಿನ್ನ ಮೆಷಿನ್ನನ್ನೇ ಕೇಳು. ಹೋದ ತಿಂಗಳು ತಿಳಿನೀಲಿಯದೊಂದು ಇಟ್ಟಿದ್ದೆ, ಕತ್ತಿನ ಸುತ್ತ ಬಿಳಿ ಪೈಪಿಂಗ್. ನರ್ಸಿಗೆ ತುಂಬಾ ಹಿಡಿಸಿತು. ಅವಳಿಗಳಲ್ಲಿ ಒಬ್ಬಳನ್ನು ಕರೆದು ಭುಜಕ್ಕೆ ಹಿಡಿದು ನೋಡಿದಳು. ಭುಜಕ್ಕೇ ಸಾಲಲಿಲ್ಲ, ಕೆಳಗೆ ತೊಡೆಯ ಮೇಲೆ ಎಲ್ಲೋ ಮುಗಿದುಹೋಯಿತು. ಅವಳು ನಗುತ್ತಲೇ, “ತಾತಾ, ನಿಮ್ಮ ಮೊಮ್ಮಗಳು ಬೆಳೆಯೋದೇ ಇಲ್ವಾ?” ಎಂದಳು. ಕೊಂಕು ಮಾತಲ್ಲ, ಅವಳ ಬಾಯಿಯೇ ಹಾಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೆಟ್ಟಿಲಿಳಿಯುವಾಗ ಹೊಳೆಯಿತು. ಇಷ್ಟು ದಿನವೂ ನಾನು ನಿನ್ನ ಆ ‘ನಾಲ್ಕು ವರ್ಷ’ದ ಕಾಗದವನ್ನೇ ಇಟ್ಟು ಕತ್ತರಿಸುತ್ತಿದ್ದೆ. ಮೇಜಿನಿಂದ ಎತ್ತಿಕೊಂಡದ್ದೂ ಅದೇ ಅಳತೆಯದನ್ನು. ಸೀಟು ಹೊಲಿಯುವವನ ಬುದ್ಧಿ ನೋಡು. ಸೀಟು ಬೆಳೆಯುವುದಿಲ್ಲ. ಒಮ್ಮೆ ಅಳತೆಯ ಕಾಗದ ಮಾಡಿಟ್ಟರೆ ಆ ಗಾಡಿ ಗುಜರಿಗೆ ಹೋಗುವವರೆಗೂ ಅದೇ ನಡೆಯುತ್ತದೆ. ಮೇಸ್ತ್ರಿಗೆ ಆರು ತುಂಬಿದೆ, ನನ್ನ ತಲೆಯೊಳಗೆ ಅವಳು ಇನ್ನೂ ಫೋಮಿನ ರಾಶಿಯ ಮೇಲೆ ಕೂತಿದ್ದಳು. ನನಗೆ ಬಹಳ ಬೇಜಾರಾಯಿತು.

ಸರಿ, ಅಳತೆ ಬದಲಿಸೋಣ, ಆದರೆ ಎಷ್ಟಕ್ಕೆ? ಮಗನನ್ನು ಕೇಳಿದೆ. “ಬೆಳೆದಿದ್ದಾಳೆ ಅಪ್ಪ” ಎಂದು ಕೈಯನ್ನು ಗಾಳಿಯಲ್ಲಿ ಒಂದು ಮಟ್ಟಕ್ಕೆ ಹಿಡಿದ, ಯೋಚಿಸಿ ಸ್ವಲ್ಪ ಮೇಲೆತ್ತಿದ, ಆಮೇಲೆ ಕೈ ಇಳಿಸಿ ಪೇಪರ್ ಎತ್ತಿಕೊಂಡ. ಪಾಪ, ಅವನಿಗೂ ಫೋನಿನಲ್ಲಿ ಕಾಣುವುದು ಮುಖ ಮಾತ್ರ, ಮುಖಕ್ಕೆ ಫ್ರಾಕು ಹೊಲಿಯಲಾಗುವುದಿಲ್ಲ. ನರ್ಸ್ ಆಸ್ಪತ್ರೆಯಿಂದ ಒಂದು ಪಟ್ಟಿ ತಂದುಕೊಟ್ಟಳು, ಆರು ವರ್ಷಕ್ಕೆ ಇಷ್ಟು ಎತ್ತರ, ಇಷ್ಟು ತೂಕ ಎಂದು. ಗುಂಡಿ ಟೀಚರ್ ಅದನ್ನು ನೋಡಿ ಮೂಗು ಮುರಿದು, “ಸರಾಸರಿ ಅಂದ್ರೆ ಯಾರ ಮೈಗೂ ಕೂರದ ಅಳತೆ ಕಣ್ರೀ” ಎಂದರು. ಕೊನೆಗೆ ನನ್ನ ಕಣ್ಣಳತೆಯನ್ನೇ ನಂಬಿದೆ. ಬಸ್ಸನ್ನು ರಸ್ತೆಯಲ್ಲಿ ನೋಡಿಯೇ ಅದರ ಸೀಟಿಗೆ ಎಷ್ಟು ರೆಕ್ಸಿನ್ ಬೇಕೆಂದು ಹೇಳುತ್ತಿದ್ದವನಲ್ಲವೇ ನಾನು? ಶಾಲೆ ಬಿಡುವ ಹೊತ್ತಿಗೆ ಹೋಗಿ ಗೇಟಿನ ಎದುರು ನಿಂತೆ. ಒಂದನೇ ತರಗತಿಯ ಮಕ್ಕಳು ಸಾಲಾಗಿ ಬಂದವು. ಒಂದು ನನ್ನ ಸೊಂಟಕ್ಕೂ ಕೆಳಗೆ, ಒಂದು ಹೊಟ್ಟೆಯ ತನಕ, ಒಂದಂತೂ ನನ್ನ ಎದೆ ಮುಟ್ಟುವ ಹಾಗಿತ್ತು. ಯಾವುದು ಮೇಸ್ತ್ರಿಯ ಹಾಗೆ ಎಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕಾವಲುಗಾರ ಬಂದು, “ಯಾರನ್ನ ಕರ್ಕೊಂಡು ಹೋಗೋಕೆ ಬಂದಿದ್ದೀರಾ?” ಎಂದ. ಯಾರನ್ನೂ ಇಲ್ಲ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಇಲ್ಲಿ ನಿಲ್ಲಬೇಡಿ ಎಂದ. ಅವನ ಕೆಲಸ ಅವನು ಮಾಡಿದ, ತಪ್ಪಿಲ್ಲ. ಮನೆಗೆ ಬಂದು ಟೀ ಕುಡಿದೆ. ಅತ್ತೆಗೆ ಇದನ್ನು ಹೇಳಿರಲಿಲ್ಲ, ನಾನು ಬರೆದದ್ದನ್ನೆಲ್ಲ ಓದಿಯೇ ಲಕೋಟೆ ಅಂಟಿಸುವವಳು, ಈಗ ತಿಳಿದುಕೊಳ್ಳುತ್ತಾಳೆ.

ಬೀರುವಿನಲ್ಲಿದ್ದ ಬಟ್ಟೆಗಳನ್ನು ಮೊನ್ನೆ ಬಳಗದ ಮೇಜಿಗೆ ವಾಪಸು ಒಯ್ದೆ. ಮೂರು ದಾಟಿದ ಮಗುವಿನ ತಾಯಿಯೊಬ್ಬಳು ಹೊಸದಾಗಿ ಸೇರಿದ್ದಾಳೆ, ಅವಳಿಗೆ ಎರಡು ಕೈಯೂ ಸಾಲಲಿಲ್ಲ. ಉಟ್ಟು ಹರಿದುಹೋಗುವುದೇ ಬಟ್ಟೆಯ ಕೆಲಸ, ನಮ್ಮ ಬೀರುವಿನಲ್ಲಿ ಅವು ನಿರುದ್ಯೋಗಿಗಳಾಗಿದ್ದವು. ಜೇಬಿನ ಚಡ್ಡಿಯನ್ನು ಮಾತ್ರ ಅತ್ತೆ ಕೊಡಲಿಲ್ಲ. ಅದರ ಜೇಬಿನಲ್ಲಿ ತನ್ನ ಔಷಧಿ ಚೀಟಿ ಇಟ್ಟಿದ್ದೇನೆ, ಹುಡುಕಬೇಕು ಎಂದಳು. ಇನ್ನೂ ಹುಡುಕುತ್ತಿದ್ದಾಳೆ.

ಇಷ್ಟೇ ಸಮಾಚಾರ. ನಿನ್ನ ಕೈನೋವು ಹೋಗಲಿ, ಕೆಲಸ ಹಗುರವಾಗಲಿ, ಕೂರಲು ಒಂದು ಒಳ್ಳೆಯ ಕುರ್ಚಿ ಸಿಗಲಿ. ಮೇಸ್ತ್ರಿಗೆ ಒಂದು ಮುದ್ದು. ಅಜ್ಜಿಯದು ಬೇರೆ ಎರಡು ಎಂದು ಬರೆಯಬೇಕಂತೆ, ಇದರಲ್ಲೂ ನನಗಿಂತ ಹೆಚ್ಚು.

ನಿನ್ನ ಮಾವ
(ಇದಕ್ಕೂ ಮಾಜಿ ಸೇರಿಸಬೇಡ)

ಮರೆತಿದ್ದೆ: ಲಕೋಟೆಯೊಳಗೆ ಒಂದು ದಾರ ಇದೆ, ಕಸವೆಂದು ಎಸೆದೀಯೆ, ಜೋಕೆ. ಒಂದು ತುದಿಗೆ ಕೆಂಪು ಬಣ್ಣ ಹಚ್ಚಿದ್ದೇನೆ, ಎಲ್ಲ ಅಳತೆಯೂ ಅಲ್ಲಿಂದಲೇ. ಮೇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ ಭುಜದ ಅಗಲಕ್ಕೊಂದು ಗಂಟು, ಎದೆಯ ಸುತ್ತಿಗೊಂದು, ಭುಜದಿಂದ ಮಂಡಿಯವರೆಗೆ ಒಂದು. ಯಾವ ಗಂಟು ಯಾವುದಕ್ಕೆಂದು ನಾನು ತಿಳಿದುಕೊಳ್ಳುತ್ತೇನೆ. ನಮ್ಮ ವಿಳಾಸ ಬರೆದ ಲಕೋಟೆಯನ್ನೂ ಇಟ್ಟಿದ್ದೇನೆ. ನೀನು ಒಂದಕ್ಷರವೂ ಬರೆಯಬೇಕಾಗಿಲ್ಲ, ಗಂಟು ಹಾಕಿ ಕಳಿಸಿದರೆ ಸಾಕು. ದಾರವನ್ನು ಉದ್ದವಾಗಿಯೇ ಬಿಟ್ಟಿದ್ದೇನೆ, ಅವಳು ಎಷ್ಟು ಬೆಳೆದಿದ್ದಾಳೋ ನನಗೆ ಗೊತ್ತಿಲ್ಲ. ಉಳಿದದ್ದನ್ನು ಕತ್ತರಿಸಬೇಡ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ.